ಮಂಚದ ಕೆಳಗಿನ ಪಿತ್ತದ ಬಾಟಲಿ

ಎಪ್ಪತ್ತರ ದಶಕದ ಆರಂಭದಲ್ಲಿ, ನನಗಿನ್ನೂ ಮೂವತ್ತು ತುಂಬುವ ಮೊದಲು, ಒಂದು ಬಾಟಲಿ ನನ್ನನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಕಟ್ಟಿಹಾಕಿತ್ತು. ಬಿಂಡಿಗನವಿಲೆಯ ನಮ್ಮ ಮನೆಯಲ್ಲಿ ಕುರಿಗಳೂ ಕುರಿ ಕಾಯುವ ನಾಯಿಗಳೂ ನಮ್ಮ ಜೊತೆಯಲ್ಲೇ ಬೆಳೆದವು. ಆ ನಾಯಿಗಳಿಂದಲೇ ನನ್ನ ಈಲಿಯಲ್ಲಿ, ಎಂದರೆ ಲಿವರಿನಲ್ಲಿ, ನೀರುಗುಳ್ಳೆ ಎದ್ದಿದೆ ಎಂದು ಮೈಸೂರಿನ ಆಸ್ಪತ್ರೆಯ ಡಾಕ್ಟರು ಹೇಳಿದಾಗ ಅವ್ವ ನಂಬಲೇ ಇಲ್ಲ. ಗುಳ್ಳೆಯನ್ನೇನೋ ಕೊಯ್ದು ತೆಗೆದರು. ಆದರೆ ಈಲಿಯಿಂದ ಪಿತ್ತ ಸೋರುವುದು ನಿಲ್ಲಲಿಲ್ಲ. ಬಲಪಕ್ಕೆಯಿಂದ ಹೊರಟ ರಬ್ಬರ್ ಕೊಳವೆ ಮಂಚದ ಕೆಳಗಿನ ಬಾಟಲಿಗೆ ಇಳಿದಿತ್ತು.

ಮತ್ತೆ ಕೊಯ್ಯುವುದಿಲ್ಲ, ಒಳಗಿನ ಸೀಳು ತಾನಾಗಿಯೇ ಕೂಡಿಕೊಳ್ಳಬೇಕು ಎಂದರು ಡಾಕ್ಟರು. ದಿನಕ್ಕೆ ಬಾಟಲಿಯಲ್ಲಿ ಒಂದು ಬೆರಳಿನ ಎತ್ತರಕ್ಕಿಂತ ಕಡಿಮೆ ಪಿತ್ತ ಬಂದರೆ ಕೊಳವೆಗೆ ಗಂಟು ಹಾಕಿ ನೋಡುವುದು, ಆಮೇಲೆ ಮನೆ. ಔಷಧಿ ಎಂದರೆ ಕಾಯುವುದೇ. ಐದು ವಾರ ಕಾದೆ. ಬಲಕ್ಕೆ ಹೊರಳುವಂತಿಲ್ಲ, ಬಾಗಿಲ ತನಕ ಹೋದರೂ ಬಾಟಲಿ ಜೊತೆಗೇ ಬರಬೇಕು. ನೋಡಲು ಬಂದ ನೆಂಟರು ನನ್ನ ಮುಖ ಬಿಟ್ಟು ಅದನ್ನೇ ನೋಡಿ, ಪಿತ್ತವೆಲ್ಲ ಹೊರಗೆ ಹೋಗುತ್ತಿರುವುದು ಒಳ್ಳೆಯದೇ ಎಂದು ಸಮಾಧಾನ ಹೇಳುತ್ತಿದ್ದರು. ಎದ್ದು ಎರಡು ಬಾರಿಸೋಣ ಅನ್ನಿಸುತ್ತಿತ್ತು. ಕೆ.ಆರ್. ಪೇಟೆಯ ತವರಿನಲ್ಲಿ ಹೆಂಡತಿಗೆ ಹೆರಿಗೆಯಾಗಿತ್ತು. ಮಗಳ ಮುಖವನ್ನು ನಾನಿನ್ನೂ ಕಂಡಿರಲಿಲ್ಲ.

ಅವ್ವ ಅಷ್ಟೂ ದಿನ ಮಂಚದ ಪಕ್ಕ ಚಾಪೆ ಹಾಸಿಕೊಂಡು ನನ್ನ ಜೊತೆಗಿದ್ದಳು. ಒಂದು ಬೆಳಿಗ್ಗೆ ಅವಳು ಗಂಜಿ ತರಲು ಹೋದಾಗ ನಾನು ಬಾಟಲಿ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಮುಕ್ಕಾಲು ಪಾಲು ಚೆಲ್ಲಿಬಿಟ್ಟೆ. ಮಾರನೆಯ ದಿನವೂ ಚೆಲ್ಲಿದೆ, ಅದರ ಮಾರನೆಯ ದಿನವೂ. ಅಳತೆ ನೋಡಿದ ಡಾಕ್ಟರು ಸಂತೋಷದಿಂದ ಕೊಳವೆಗೆ ಗಂಟು ಹಾಕಿದರು. ಅವ್ವ ಬಟ್ಟೆಬರೆ ಕಟ್ಟಿಟ್ಟಳು.

ಸಂಜೆಯೊಳಗೆ ಹೊಟ್ಟೆ ಕಲ್ಲಾಯಿತು, ಮೈ ಗಡಗಡ ನಡುಗತೊಡಗಿತು. ಸತ್ತೇಹೋಗುತ್ತೇನೆಂದು ಹೆದರಿ ಡಾಕ್ಟರ ಕೈ ಹಿಡಿದುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಗಂಟು ಬಿಚ್ಚಿದರು. ಒಳಗೆ ನಿಂತಿದ್ದ ಪಿತ್ತ ಹರಿದು ಬಂತು. ಇನ್ನೊಂದು ತಿಂಗಳಾದರೂ ಹಿಡಿದೀತು ಎಂದಷ್ಟೇ ಹೇಳಿ ಹೊರಟರು.

ನಾಚಿಕೆಯಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅವ್ವ ಕಟ್ಟಿಟ್ಟಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಚಾಪೆ ಹಾಸಿದಳು. ಅದರ ಮೇಲೆ ಕೂತು, "ನೀನು ಚೆಲ್ತಿದ್ದುದ್ದು ಮೊದ್ಲುನೇ ದಿನಾನೇ ಗೊತ್ತಾಗಿತ್ತು ಕಣ್ಲಾ" ಅಂದಳು. ಬಚ್ಚಲ ಕಲ್ಲಿನ ಮೇಲೆ ಹಳದಿ ಕಂಡಿದ್ದಳಂತೆ. ಮತ್ತೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಂಗೂ ಊರ್ಗೆ ಓಗ್ಬೇಕಾಗಿತ್ತು ಕಣಪ್ಪಾ" ಅಂದಳು.