ಮದ್ದಿನ ಕೋಣೆಯಲ್ಲಿ ಹಾಲುಕ್ಕಿದ್ದು

ಮೊನ್ನೆ ಬಟವಾಡಿಯಲ್ಲಿ ಮಗಳು ಹೊಸ ಬಾಡಿಗೆ ಮನೆ ಹೊಕ್ಕಳು. ಹಾಲು ಉಕ್ಕಿ ಸೀದ ವಾಸನೆ ಬಂತು ನೋಡಿ, ನಾನು ನೇರ ಚಿಕ್ಕಂದಿನ ಕುಣಿಗಲ್ ಕೋಟೆಯೊಳಗಿದ್ದೆ.

ಅಲ್ಲಿ ಅಪ್ಪ ಬಾಡಿಗೆಗೆ ಹಿಡಿದ ಮನೆ, ಹಿಂದೆ ಸಿಪಾಯಿಗಳು ಮದ್ದುಗುಂಡು ಇಡುತ್ತಿದ್ದ ಕೋಣೆ. ಎರಡು ಮೊಳ ದಪ್ಪದ ಗೋಡೆ, ಬೇಸಿಗೆಯಲ್ಲೂ ಮಡಕೆಯಂಥ ತಂಪು. ಇಂಥ ಮನೆ ಖಾಲಿ ಯಾಕಿದೆ ಎಂದು ಅಪ್ಪ ಕೇಳಲೇ ಇಲ್ಲ. ಸಾಮಾನು ಇಳಿಸಿ ಗಾಡಿಯವನು ಹೋದ ಮೇಲೆ ಮನೆಯೊಡತಿ ಅಜ್ಜಿಯೇ ಹೇಳಿದರು.

"ಒಳಗೆ ಒಲೆ ಹಚ್ಚಂಗಿಲ್ಲ ಕಣಮ್ಮ. ಗೋಡೆ ಸಂದೀಲಿ ಇನ್ನೂ ಮದ್ದಿನ ಪುಡಿ ಐತೆ. ಬೇಯ್ಸೋದೆಲ್ಲ ಅಂಗ್ಳದಲ್ಲೇ."

ಅಮ್ಮ ಹಾಲಿನ ಪಾತ್ರೆ ಹಿಡಿದು ನಿಂತುಬಿಟ್ಟಳು. ಒಳಗೆ ಹಾಲುಕ್ಕದ ಮನೆಯಲ್ಲಿ ಅವಳು ಒಂದು ದಿನವೂ ಇರುವವಳಲ್ಲ.

"ನೀವೂ ಬಂದು ಒಲೆ ಪಕ್ಕ ಕೂತ್ಕಳಿ ಅಜ್ಜಿ. ಹಾರೋದಾದ್ರೆ ಒಟ್ಟಿಗೇ ಹಾರೋಣ," ಎಂದಳು.

"ನಂಗೇನು ಸಾಯೋ ವಯಸ್ಸಾ?" ಎಂದು ಎಪ್ಪತ್ತು ದಾಟಿದ ಅಜ್ಜಿ ರೇಗಿದರು. ಆದರೂ ಬಾಡಿಗೆಯವಳ ಮುಂದೆ ಪುಕ್ಕಲಿ ಅನ್ನಿಸಿಕೊಳ್ಳಲಾದೀತೇ? ಬಂದರು, ಒಂದು ಕಾಲು ಹೊಸ್ತಿಲಾಚೆ ಇಟ್ಟುಕೊಂಡೇ ಕೂತರು. ಅಪ್ಪ ಏನೋ ನೆನಪಾದವರಂತೆ ಅಂಗಳಕ್ಕೆ ಹೋದರು.

ಅಮ್ಮ ಒಳಗೇ ಒಲೆ ಹಚ್ಚಿದಳು, ಹಾಲು ಉಕ್ಕಿತು. ಗೋಡೆ ಅಲುಗಲಿಲ್ಲ. ಮೊದಲ ಲೋಟವನ್ನು ಅಮ್ಮ ಅಜ್ಜಿಗೇ ಕೊಟ್ಟಳು. ಅಜ್ಜಿ ಹೊರಗಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡು, "ಸಕ್ಕರೆ ಕಮ್ಮಿ ಆಯ್ತು," ಎಂದರು. ಅಂಗಳದಲ್ಲಿ ಒಲೆ ಹೂಡುವ ಮಾತು ಮತ್ತೆ ಬರಲಿಲ್ಲ.

ಮೊನ್ನೆ ಮಗಳ ಮನೆಯೊಡತಿಯೂ ಬಾಗಿಲಲ್ಲಿ ನಿಂತು, ಗೋಡೆಗೆ ಮೊಳೆ ಹೊಡೆಯಬಾರದು ಎಂದು ಶುರು ಮಾಡಿದ್ದರು. ನಾನು ವಾದಕ್ಕಿಳಿಯಲಿಲ್ಲ. ಒಳಗೆ ಕರೆದು, ಕೂರಿಸಿ, ಲೋಟ ಕೈಗಿಟ್ಟೆ.