ಕುರ್ಚಿಯಲ್ಲಿ ಕೂತು ಹೇಳಿದ ಇಂಗ್ಲಿಷ್

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಇಸ್ತ್ರಿಯಕ್ಕ ಎಂದೇ. ಮದುವೆಯಾದ ಹೊಸತರಲ್ಲಿ ಸೇರಿದವಳು. ಇಷ್ಟು ವರ್ಷ ಹಬೆ ಕುಡಿದು ಕುಡಿದು ಈಗ ಉಸಿರು ಕಟ್ಟತೊಡಗಿತ್ತು. ಹಬೆಯಿಂದ ದೂರ ಇರಿ ಎಂದು ಡಾಕ್ಟರು ಹೇಳಿದರು. ಅವರಿಗೇನು, ಹೇಳಿಬಿಟ್ಟರು. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ, ಬಿಡದಿದ್ದರೆ ಉಸಿರು ನಡೆಯುವುದಿಲ್ಲ.

ಅಷ್ಟರಲ್ಲಿ ಮೇಲಿನ ಮಹಡಿಗೆ ಒಬ್ಬ ಸೂಪರ್‌ವೈಸರ್ ಬೇಕಾಯಿತು. ಕಿಟಕಿ ಇರುವ, ಗಾಳಿಯಾಡುವ ಕಡೆ ಕೆಲಸ. ಅತಿಥಿ ಖಾಲಿ ಮಾಡಿದ ರೂಮನ್ನು ನೋಡಿ, ಅದು ಹೇಗಿದೆ ಎಂದು ಕೆಳಗಿನ ಕೌಂಟರಿಗೆ ಫೋನಿನಲ್ಲಿ ತಿಳಿಸಬೇಕು, ಅದೂ ಇಂಗ್ಲಿಷಿನಲ್ಲಿ. ಅಲ್ಲೇ ತೊಡಕು. ಇಂಗ್ಲಿಷ್ ಎಂದರೆ ಇಸ್ತ್ರಿಯಕ್ಕನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಕೆಲಸಗಾರರಿಗೆ ಪಾಠ ಮಾಡಲು ಕ್ಯಾಂಟೀನಿಗೆ ಬರುತ್ತಿದ್ದ ಟೀಚರು ಅವಳ ಪಾಡು ನೋಡಿ ಪುಸ್ತಕ ಮುಚ್ಚಿಸಿದರು. ನಿಮಗೆ ಸದ್ಯಕ್ಕೆ ಒಂದೇ ಅಚ್ಚು ಸಾಕು ಎಂದರು. ಮೊದಲು ವಸ್ತು, ನಡುವೆ ಒಂದು ಸಣ್ಣ ಕ್ರಿಯಾಪದ, ಕೊನೆಗೆ ಆ ವಸ್ತು ಹೇಗಿದೆ ಎನ್ನುವ ಮಾತು. ದಿ ಫ್ಲೋರ್ ಈಸ್ ವೆಟ್. ಕಣ್ಣಿಗೆ ಕಂಡರೆ ಲುಕ್ಸ್, ಮೂಗಿಗೆ ಬಡಿದರೆ ಸ್ಮೆಲ್ಸ್, ಕೈಗೆ ತಾಕಿದರೆ ಫೀಲ್ಸ್. ಬಾಯಿಪಾಠ ಬೇಡ, ಮನೆಯಲ್ಲಿ ಕಂಡದ್ದನ್ನೆಲ್ಲ ಈ ಅಚ್ಚಿಗೆ ಹಾಕಿ ಗಟ್ಟಿಯಾಗಿ ಹೇಳಿ ಎಂದರು.

ಮನೆಯಲ್ಲಿ ಅದಕ್ಕೇನು ಬರವೇ? ದಿ ಮಿಲ್ಕ್ ಸ್ಮೆಲ್ಸ್ ಸೌರ್ ಎನ್ನುತ್ತ ಪಾತ್ರೆ ಎತ್ತಿ ಚೆಲ್ಲಿದಳು. ದಿ ಶರ್ಟ್ ಲುಕ್ಸ್ ಡರ್ಟಿ ಎನ್ನುತ್ತ ಗಂಡನ ಅಂಗಿಯ ಕಾಲರು ಉಜ್ಜಿದಳು. ದಿ ಬೆಡ್‌ಶೀಟ್ ಫೀಲ್ಸ್ ಡ್ಯಾಂಪ್ ಎನ್ನುತ್ತ ಮತ್ತೆ ಬಿಸಿಲಿಗೆ ಹಾಕಿದಳು. ವಾಚು ರಿಪೇರಿ ಅಂಗಡಿ ಇಟ್ಟಿದ್ದ ಗಂಡನಿಗೆ ಇದೆಲ್ಲ ತಮಾಷೆ. ಇನ್ನು ಮನೆಗೆ ರೇಡಿಯೊ ದಂಡ ಎಂದು ಪೇಪರಿನ ಹಿಂದಿನಿಂದ ನಗುತ್ತಿದ್ದ. ಅತ್ತೆಗೆ ಮಾತ್ರ ಅನುಮಾನ. ಸೊಸೆ ತನಗೆ ತಿಳಿಯದ ಭಾಷೆ ಹುಡುಕಿಕೊಂಡು ಬಂದು ತನ್ನನ್ನೇ ಬೈಯುತ್ತಿದ್ದಾಳೆಯೇ?

“ಯಾರಿಗಮ್ಮ ಬೆಳಬೆಳಿಗ್ಗೆ ಬೈಗುಳ?”

“ಯಾರಿಗೂ ಇಲ್ಲ ಅತ್ತೆ. ಬಕೆಟ್ ಖಾಲಿ ಇದೆ ಅಂದೆ. ದಿ ಬಕೆಟ್ ಈಸ್ ಎಂಪ್ಟಿ.” ಹೇಳುತ್ತಲೇ ಅವಳು ಬಕೆಟ್ ಎತ್ತಿಕೊಂಡು ಹಿತ್ತಲಿನ ನಲ್ಲಿಗೆ ಹೊರಟಾಗಿತ್ತು.

“ಹೇಳೋಳೂ ನೀನೇ, ತುಂಬೋಳೂ ನೀನೇ. ಮತ್ತೆ ಬಾಯಿ ಯಾಕೆ ನೋಯಿಸ್ಕೋತೀಯಾ?”

ಆಗ ಆ ಮಾತಿಗೆ ನಕ್ಕಿದ್ದಳು. ಸೂಪರ್‌ವೈಸರ್ ಕೆಲಸದ ಪರೀಕ್ಷೆಯ ದಿನ ಅದು ನೆನಪಾದಾಗ ನಗು ಬರಲಿಲ್ಲ.

ಅಂದು ಮ್ಯಾನೇಜರ್ ಮೇಡಂ ಆಗಷ್ಟೇ ಖಾಲಿಯಾದ ರೂಮಿನ ಬಾಗಿಲು ತೆಗೆದು, ಒಳಗೆ ಹೋಗಿ ಕಂಡದ್ದನ್ನು ಹೇಳಿ ಎಂದರು. ಕುರ್ಚಿಯ ಬೆನ್ನಿಗೆ ಒದ್ದೆ ಟವೆಲ್ ಇತ್ತು. ವಾಕ್ಯ ಅವಳ ತುಟಿಗೆ ಬರುವಷ್ಟರಲ್ಲಿ ಕೈ ಟವೆಲನ್ನು ಬುಟ್ಟಿಗೆ ಹಾಕಿತ್ತು. ಹಾಸಿಗೆ ಮುದುಡಿತ್ತು. ಅದಕ್ಕೆ ಪದ ಹುಡುಕುತ್ತಲೇ ನಾಲ್ಕು ಮೂಲೆ ಎಳೆದು ಬಿಗಿ ಮಾಡಿದಳು. ಮೇಜು ಒರೆಸಿದಳು, ಸಿಂಕಿನ ಕೂದಲು ತೆಗೆದಳು, ಪರದೆ ಸರಿಸಿದಳು. ತಿರುಗಿ ನೋಡಿದರೆ ರೂಮು ಲಕಲಕ ಹೊಳೆಯುತ್ತಿತ್ತು. ಹೇಳುವುದಕ್ಕೆ ಒಂದೂ ಉಳಿದಿರಲಿಲ್ಲ.

ಮೇಡಂ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು. “ಹೇಳಿ ಅಂದೆ. ಮಾಡಿ ಅನ್ನಲಿಲ್ಲ.”

ಕೆಳಗಿನ ಹಬೆಯೆಲ್ಲ ಒಮ್ಮೆಲೇ ಮೂಗಿಗೆ ಬಂದಂತಾಯಿತು. “ತಪ್ಪಾಯ್ತು ಮೇಡಂ. ನೋಡಿದ್ಮೇಲೆ ಈ ಕೈ ಸುಮ್ನಿರಲ್ಲ.”

ಮೇಡಂ ಗದರಲಿಲ್ಲ. ಮಾಡುವುದಕ್ಕೆ ಬೇರೆಯವರಿದ್ದಾರೆ, ನೋಡಿ ಹೇಳುವುದೂ ಒಂದು ಕೆಲಸವೇ ಎಂದರು. ಪಕ್ಕದ ರೂಮು ತೆಗೆದು, ಹೊಸ್ತಿಲ ಒಳಗೆ ಒಂದು ಕುರ್ಚಿ ಎಳೆದು ಹಾಕಿದರು.

“ಕೂತ್ಕೊಂಡು ಹೇಳಿ.”

ಕೂತುಕೊಂಡು! ಮಾಡದ ಕೆಲಸ ಕಣ್ಣೆದುರು ಬಿದ್ದಿರುವಾಗ ಅವಳು ಎಂದಾದರೂ ಕೂತದ್ದುಂಟೇ? ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿ ಕೂತಳು. ಕೈಗಳು ಸ್ವಲ್ಪ ಹೊತ್ತು ಕೊಸರಾಡಿದವು. ಆಮೇಲೆ, ಕೈಗೆ ಬಿಡುವಾದದ್ದಕ್ಕೋ ಏನೋ, ನಾಲಿಗೆ ತಾನಾಗಿ ಸಡಿಲವಾಯಿತು. ದಿ ಬೆಡ್ ಲುಕ್ಸ್ ಅನ್‌ಟೈಡಿ. ದಿ ರೂಮ್ ಸ್ಮೆಲ್ಸ್ ಸ್ಮೋಕಿ. ಚಪ್ಪಲಿ ಬಿಟ್ಟ ಪಾದಕ್ಕೆ ತಾಕಿದ್ದನ್ನೂ ಬಿಡಲಿಲ್ಲ, ದಿ ಕಾರ್ಪೆಟ್ ಫೀಲ್ಸ್ ಡ್ಯಾಂಪ್. ಬಚ್ಚಲಿನಿಂದ ತೊಟ್ಟಿಕ್ಕುವ ಸದ್ದು ಬಂತು. ಓಡಾಡುತ್ತಿದ್ದರೆ ಅದು ಕಿವಿಗೆ ಬೀಳುತ್ತಲೇ ಇರಲಿಲ್ಲ. ದಿ ಟ್ಯಾಪ್ ಈಸ್ ಲೀಕಿ.

ಕೊನೆಗೆ ಮೇಡಂ ಅವರೇ ಸಾಕು ಎಂದರು. “ಸೋಮವಾರದಿಂದ ಮೇಲೆ ಬನ್ನಿ.”

ಮೆಟ್ಟಿಲಿಳಿಯುವಾಗ ಇಸ್ತ್ರಿಯಕ್ಕ ಒಂದು ಕಡೆ ನಿಂತು ಉಸಿರು ಬಿಟ್ಟಳು. ಎಷ್ಟೋ ದಿನದ ಮೇಲೆ ಅದು ಎಲ್ಲೂ ಸಿಕ್ಕಿಕೊಳ್ಳದೆ ಪೂರ್ತಿ ಹೊರಗೆ ಬಂತು.

ಮನೆಯಲ್ಲಿ ವಿಷಯ ಕೇಳಿ ಅತ್ತೆ “ಸದ್ಯ” ಎಂದು ಗೋಡೆಗೊರಗಿದರು. ಗಂಡ ಪೇಪರ್ ಮಡಿಸಿ, ಸೂಪರ್‌ವೈಸರ್ ಸಾಹೇಬರಿಗೆ ಸಲಾಂ ಎಂದು ಮತ್ತೆ ಬಿಚ್ಚಿಕೊಂಡ. ಅವಳು ಕೈಚೀಲ ಇಟ್ಟು, ಒಂದು ಕುರ್ಚಿ ಎಳೆದು ಕೂತಳು. ಬಚ್ಚಲ ಕಡೆ ನೋಡಿದಳು.

“ದಿ ಬಕೆಟ್ ಈಸ್ ಎಂಪ್ಟಿ.”

“ಪಾಸಾಯ್ತಲ್ಲ ಮಾರಾಯ್ತಿ. ಇನ್ನೂ ಯಾಕೆ ಓದ್ತೀಯಾ?” ಎಂದ ಗಂಡ.

ಅವಳು ಏಳಲಿಲ್ಲ. ಕೈಗಳು ಆಗಲೇ ತೊಡೆಯ ಕೆಳಗಿದ್ದವು. ಅತ್ತೆ ಸೊಸೆಯನ್ನೂ ಬಕೆಟ್ಟನ್ನೂ ಒಮ್ಮೆ ನೋಡಿ, ಮಗನ ಕಡೆ ತಿರುಗಿದರು.

“ಓದ್ತಿಲ್ಲ ಕಣೋ, ಹೇಳ್ತಿದಾಳೆ. ಎದ್ದೇಳು.”

ಅವನು ಎದ್ದ. ಹಿತ್ತಲಲ್ಲಿ ನಲ್ಲಿಯ ಸದ್ದಾಯಿತು. ಬಕೆಟ್ ಬರುವಾಗ ಅರ್ಧವೇ ಇತ್ತು, ಉಳಿದರ್ಧ ದಾರಿಯುದ್ದಕ್ಕೂ ಚೆಲ್ಲಿತ್ತು.

“ದಿ ಫ್ಲೋರ್ ಈಸ್ ವೆಟ್” ಎಂದಳು ಇಸ್ತ್ರಿಯಕ್ಕ, ಕೂತಲ್ಲಿಂದಲೇ.