ಬೈಕಿನ ಮೇಲೆ ಎಣಿಸಿದ ಜಪ

ನಮ್ಮ ಬೆಳಗಿನ ಪ್ರಾರ್ಥನಾ ಬಳಗದ ಎಲ್ಲರಿಗೂ ಗುಬ್ಬಿಯ ರುದ್ರೇಶನ ಶರಣು. ಕಳೆದ ಕಾರ್ತಿಕದಲ್ಲಿ ನನ್ನ ಬೈಕ್ ಅಪಘಾತವಾದಾಗ "ಜಪದ ಬಲವೇ ಕಾಪಾಡಿತು" ಎಂದು ನೀವೆಲ್ಲ ಗ್ರೂಪಿನಲ್ಲಿ ಬರೆದಿರಿ. ನಾನೂ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದೆ. ನಡೆದದ್ದು ಬೇರೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ದಿನಾ ಬೆಳಿಗ್ಗೆ ಏಳೂವರೆಗೆ ನಾವು ನಲವತ್ತು ಜನ ಫೋನಿನಲ್ಲಿ ಸೇರಿ ನೂರೆಂಟು ಸಲ ಶಿವನಾಮ ಹೇಳುತ್ತೇವಲ್ಲ, ಎರಡು ವರ್ಷದಿಂದ ಅದನ್ನು ಹೇಳಿಕೊಡುತ್ತಿದ್ದವನು ನಾನು. ದೇವರ ಮನೆಯಲ್ಲಿ ಕೂತು ಹೇಳುತ್ತಿದ್ದೆನೇ? ಇಲ್ಲ. ಗುಬ್ಬಿಯಿಂದ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಬೈಕಿನಲ್ಲಿ ಹೋಗುತ್ತಾ, ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಗೆ ಸಿಕ್ಕಿಸಿಕೊಂಡು ಹೇಳುತ್ತಿದ್ದೆ. ಅರ್ಧ ಗಂಟೆ ಬೇಗ ಏಳಲು ಸೋಮಾರಿತನ. ಹೇಳಿಕೊಡುವ ಗೌರವವನ್ನು ಬೇರೆಯವರಿಗೆ ಬಿಡಲೂ ಮನಸ್ಸಿಲ್ಲ. ಬಲಗೈ ಗೆಣ್ಣುಗಳ ಮೇಲೆ ಎಣಿಸಬೇಕಾದ ಜಪವನ್ನು, ಬಲಗೈ ಆಕ್ಸಿಲರೇಟರ್ ಮೇಲಿದ್ದ ಕಾರಣ ಎಡಗೈಯಲ್ಲಿ ಎಣಿಸುತ್ತಿದ್ದೆ. ಅಂದರೆ ಎಡಗೈ ಹ್ಯಾಂಡಲ್ ಮೇಲೆ ಇರುತ್ತಲೇ ಇರಲಿಲ್ಲ. ಹೆಂಡತಿ ಎಷ್ಟೋ ಸಲ ಬೈದಳು. ಶಿವನಾಮ ಹೇಳುವವನಿಗೆ ಏನಾಗುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಕಾರ್ತಿಕದ ಎರಡನೇ ಸೋಮವಾರ. ಅಂತರಸನಹಳ್ಳಿ ತಿರುವಿನಲ್ಲಿ ಎಪ್ಪತ್ತೆರಡೋ ಎಪ್ಪತ್ತಮೂರೋ ಎಂದು ಗೊಂದಲವಾಗಿ ಬೆರಳು ನೋಡಿಕೊಂಡೆ. ತಲೆ ಎತ್ತುವಷ್ಟರಲ್ಲಿ, ಬಸ್ಸಿಳಿದು ಕೈ ತೋರಿಸುತ್ತಾ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬರು ಎದುರಿಗೇ ಇದ್ದರು. ಒಂದೇ ಕೈಯಲ್ಲಿ ಬೈಕ್ ಹತೋಟಿಗೆ ಬರಲಿಲ್ಲ. ಅವರಿಗೆ ಗುದ್ದಿಬಿಟ್ಟೆ.

ಆಟೋದಲ್ಲಿ ತುಮಕೂರಿನ ಆಸ್ಪತ್ರೆಗೆ ಸೇರಿಸಿದೆ. ಅವರ ಹೆಸರು ಗೌರಮ್ಮ, ಕುಣಿಗಲ್ ಕಡೆಯವರು, ಇಲ್ಲಿ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ. ಕಾಲು ಮುರಿದಿತ್ತು, ತಲೆಗೆ ಪೆಟ್ಟಾಗಿ ಪ್ರಜ್ಞೆ ಇರಲಿಲ್ಲ. ಪೊಲೀಸರು ಕೇಳಿದಾಗ, ಹೆಂಗಸು ನೋಡದೆ ಅಡ್ಡ ಬಂದರು ಎಂದೆ. ನನ್ನ ನಾಲಗೆ ಒಂಚೂರೂ ತೊದಲಲಿಲ್ಲ. ಕುಣಿಗಲ್ ಬಸ್ಸಿನಲ್ಲಿ ಅಳುತ್ತಾ ಬಂದ ಅವರ ಮಗಳು ಸವಿತಾಳಿಗೂ ಅದನ್ನೇ ಹೇಳಿದೆ.

ಮೂರು ದಿನ ಐಸಿಯು ಮುಂದಿನ ಬೆಂಚಿನಲ್ಲಿ ಕೂತು ಬೇಡಿಕೊಂಡೆ. ಏನು ಬೇಡಿದೆ ಗೊತ್ತೇ? ತಂದೆ, ಈಕೆ ಬದುಕಲಿ, ಆದರೆ ಆ ಹೊತ್ತಿನದೇನೂ ನೆನಪಿಗೆ ಬಾರದಿರಲಿ. ಕೊರಳಲ್ಲಿ ಲಿಂಗ ಧರಿಸಿದವನು ಬೇಡಿದ ವರ ಇದು.

ನಾಲ್ಕನೇ ದಿನ ಬೆಳಿಗ್ಗೆ ಗೌರಮ್ಮ ಕಣ್ಣು ಬಿಟ್ಟರು. ಬೇಡಿದ್ದು ಬೇಡಿದಂತೆಯೇ ಆಗಿತ್ತು. ಬಸ್ ಹತ್ತಿದ್ದಷ್ಟೇ ಅವರಿಗೆ ನೆನಪು. ವಾರ್ಡಿಗೆ ಹಾಕಿದ ಮೇಲೆ ನೋಡಲು ಹೋದೆ. ನೋಡದೆ ಯಾಕೆ ದಾಟಿದೆ ಎಂದು ಸವಿತಾ ತಾಯಿಯನ್ನು ಗದರಿಸುತ್ತಿದ್ದಳು. ನಾನು ಯಾರೆಂದು ತಿಳಿದ ಗೌರಮ್ಮ ಡ್ರಿಪ್ ಚುಚ್ಚಿದ್ದ ಕೈಯನ್ನೇ ಎತ್ತಿ ಮುಗಿದರು.

"ತಪ್ಪು ನಂದೇ ಅಂತೆ ಕಣಪ್ಪ. ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಬುಟ್ಟೆ," ಅಂದರು.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಸಾವಿರಾರು ಸಲ ಶಿವನಾಮ ಹೇಳಿದ್ದೆ. ಶಿವ ನನ್ನನ್ನು ನೋಡುತ್ತಿದ್ದಾನೆ ಅನ್ನಿಸಿದ್ದು ಆ ಮುಗಿದ ಕೈ ಕಂಡಾಗಲೇ. ಮಂಚದ ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳಿಬಿಟ್ಟೆ. ಫೋನು, ಎಡಗೈ, ಸುಳ್ಳು, ಕೊನೆಗೆ ನಾನು ಬೇಡಿದ ವರವನ್ನೂ. ಸವಿತಾ ನನ್ನನ್ನು ಆಚೆ ನಡೆ ಎಂದಳು. ಅದು ನ್ಯಾಯವೇ. ಗೌರಮ್ಮ ಅವಳನ್ನು ತಡೆದು ನನ್ನನ್ನು ಕೇಳಿದರು.

"ಗಾಡಿ ನಿಲ್ಸಿ ಹೇಳಿದ್ರೆ ಶಿವ ಕೇಳಿಸ್ಕೊಳ್ತಿರ್ಲಿಲ್ವಾ?"

ಅಲ್ಲಿಂದ ನೇರ ಸ್ಟೇಷನ್ನಿಗೆ ಹೋಗಿ ನಿಜವನ್ನು ಬರೆಸಿದೆ. ಕೇಸು ನಡೆಯುತ್ತಿದೆ, ನಡೆಯಲಿ. ಗೌರಮ್ಮ ಈಗ ಕೋಲು ಹಿಡಿದು ಓಡಾಡುತ್ತಾರೆ, ಕ್ಯಾಂಟೀನಿಗೆ ಇನ್ನೂ ಮರಳಿಲ್ಲ. ನಾನು ಬಸ್ಸಿನಲ್ಲಿ ಹೋಗಿಬರುತ್ತೇನೆ.

ಆಕೆ ಬದುಕಿದ್ದು ಶಿವನ ಕೃಪೆ. ನನ್ನ ಕೊಳಕು ಬೇಡಿಕೆಯನ್ನೂ ನಡೆಸಿಕೊಟ್ಟು, ಅದರಿಂದಲೇ ನನ್ನ ಬಾಯಲ್ಲಿ ನಿಜ ಹೊರಡಿಸಿದ್ದೂ ಅವನ ಕೃಪೆಯೇ. ಅವನಿದ್ದಾನೆ ಎಂಬುದರಲ್ಲಿ ನನಗೀಗ ಎಳ್ಳಷ್ಟೂ ಅನುಮಾನವಿಲ್ಲ. ಜಪದ ಬಲ ಎಂದು ಮಾತ್ರ ದಯವಿಟ್ಟು ಬರೆಯಬೇಡಿ.

ಎರಡು ವರ್ಷ ನನ್ನ ದನಿಯ ಹಿಂದೆ ಲಾರಿಗಳ ಹಾರನ್ ನಿಮಗೆಲ್ಲ ಕೇಳಿಸುತ್ತಿತ್ತು. ನನ್ನ ಭಕ್ತಿಗೆ ಮರ್ಯಾದೆ ಕೊಟ್ಟು ಯಾರೂ ಏನೂ ಅನ್ನಲಿಲ್ಲ. ಇನ್ನು ಮುಂದೆ ಯಾರ ದನಿಯ ಹಿಂದೆ ಹಾರನ್ ಕೇಳಿಸಿದರೂ, ಎಷ್ಟನೇ ನಾಮದಲ್ಲಿದ್ದರೂ ಸರಿ, ಮೊದಲು ಫೋನ್ ಇಡು ಎಂದು ಬೈಯಿರಿ.